ಮೊದಲು ಏರ್‌ಟೈಮ್ ಲೆಕ್ಕ, ಆಮೇಲೆ ಆಕ್ಸೆಸ್ ಪಾಯಿಂಟ್

ಎಲ್ಲರಿಗೂ ನಮಸ್ಕಾರ. ಪಾಲಿಟೆಕ್ನಿಕ್‌ಗಳಲ್ಲಿ ನೆಟ್‌ವರ್ಕಿಂಗ್ ಕಲಿಸುವ ಮೇಷ್ಟ್ರುಗಳೂ ಈಗಷ್ಟೇ ಕೆಲಸಕ್ಕೆ ಸೇರಿದ ಎಂಜಿನಿಯರುಗಳೂ ಇಲ್ಲಿ ಒಟ್ಟಿಗೆ ಕೂತಿದ್ದೀರಿ. ಇಬ್ಬರಿಗೂ ಸಲ್ಲುವ ಒಂದು ಮಾತಿನಿಂದಲೇ ಶುರು ಮಾಡುತ್ತೇನೆ. ವೈ-ಫೈ ತರಬೇತಿಯ ಮೊದಲ ದಿನ, ಆಕ್ಸೆಸ್ ಪಾಯಿಂಟ್‌ಗಳನ್ನು (ವೈ-ಫೈ ಹರಡುವ ಪೆಟ್ಟಿಗೆಗಳನ್ನು) ನಿಯಂತ್ರಿಸುವ ಕಂಟ್ರೋಲರ್‌ನ ಪರದೆ ತೆರೆಯಬೇಡಿ. ಬೋರ್ಡು, ಚಾಕ್‌ಪೀಸು ಸಾಕು. ಆ ದಿನವೆಲ್ಲ ಏರ್‌ಟೈಮ್, ಅಂದರೆ ಚಾನೆಲ್ ಎಷ್ಟು ಹೊತ್ತು ಬಳಕೆಯಲ್ಲಿರುತ್ತದೆ ಎಂಬುದರ ಲೆಕ್ಕ ಮಾಡಿಸಿ.

ಸ್ವಿಚ್‌ನಲ್ಲಿ 24 ಪೋರ್ಟ್ ಇದ್ದರೆ 24 ಯಂತ್ರಗಳೂ ಏಕಕಾಲಕ್ಕೆ ಮಾತಾಡಬಹುದು. ವೈ-ಫೈ ಚಾನೆಲ್‌ನಲ್ಲಿ ಒಬ್ಬರು ಮಾತಾಡುವಾಗ ಕಿವಿಗೆ ಬೀಳುವಷ್ಟು ಹತ್ತಿರ ಇರುವವರೆಲ್ಲ ಸುಮ್ಮನಿರಬೇಕು. ಇದು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಲೆಕ್ಕ ಹಾಕಿದರೆ ಹೋಗುತ್ತದೆ. ಪ್ರತಿ ಆಕ್ಸೆಸ್ ಪಾಯಿಂಟ್ ತನ್ನ ಪ್ರತಿಯೊಂದು ನೆಟ್‌ವರ್ಕ್ ಹೆಸರಿಗೂ 102.4 ಮಿಲಿಸೆಕೆಂಡಿಗೊಮ್ಮೆ ಒಂದು ಬೀಕನ್, ಅಂದರೆ 'ನಾನಿಲ್ಲಿದ್ದೇನೆ' ಎಂಬ ಸಂದೇಶ, ಕಳಿಸುತ್ತದೆ. ಬೀಕನ್ 300 ಬೈಟ್ ಎಂದುಕೊಳ್ಳಿ, ಅಂದರೆ 2400 ಬಿಟ್. 2.4 ಗಿಗಾಹರ್ಟ್ಸ್‌ನಲ್ಲಿ ಹಳೆಯ 1 ಎಂಬಿಪಿಎಸ್ ವೇಗದಲ್ಲಿ ಹೋದರೆ, ಮೊದಲಿಗೆ ಬರುವ ಪೀಠಿಕೆ ಸಂಕೇತ (ಪ್ರಿಯಾಂಬಲ್) ಸೇರಿ, ಸುಮಾರು 2.6 ಮಿಲಿಸೆಕೆಂಡ್ ಹಿಡಿಯುತ್ತದೆ. ಒಂದೇ ಚಾನೆಲ್‌ನಲ್ಲಿ ಒಂದಕ್ಕೊಂದು ಕೇಳಿಸುವ 5 ಆಕ್ಸೆಸ್ ಪಾಯಿಂಟ್, ಪ್ರತಿಯೊಂದರಲ್ಲೂ ಸಿಬ್ಬಂದಿ, ವಿದ್ಯಾರ್ಥಿ, ಅತಿಥಿ, ಕ್ಯಾಮೆರಾ ಎಂದು 4 ಹೆಸರು. ಒಟ್ಟು 20 ಬೀಕನ್, 52 ಮಿಲಿಸೆಕೆಂಡ್. ಯಾರೂ ಒಂದು ಪುಟವನ್ನೂ ತೆರೆಯುವ ಮೊದಲೇ ಅರ್ಧ ಸಮಯ ಖಾಲಿಯಾಯಿತು!

ಈಗ ಕನಿಷ್ಠ ವೇಗವನ್ನು 12 ಎಂಬಿಪಿಎಸ್‌ಗೆ ಏರಿಸಿ ಅದೇ ಲೆಕ್ಕವನ್ನು ಮತ್ತೆ ಮಾಡಿಸಿ. 20 ಬೀಕನ್‌ಗಳೂ ಸೇರಿ 5 ಮಿಲಿಸೆಕೆಂಡ್ ದಾಟುವುದಿಲ್ಲ. ಹೆಸರುಗಳನ್ನು ಎರಡಕ್ಕೆ ಇಳಿಸಿದರೆ ಅದೂ ಅರ್ಧವಾಗುತ್ತದೆ. ಆದರೆ ವೇಗ ಏರಿಸುವ ಮುನ್ನ ಕಟ್ಟಡದಲ್ಲಿ ಹಳೆಯ ಬಾರ್‌ಕೋಡ್ ಸ್ಕ್ಯಾನರ್, ಹಳೆಯ ಪ್ರಿಂಟರ್ ಇವೆಯೇ ನೋಡಿಕೊಳ್ಳಬೇಕು. 802.11ಬಿ ಎಂಬ ಹಳೆಯ ವೈ-ಫೈ ಮಾನದಂಡ ಮಾತ್ರ ಗೊತ್ತಿರುವ ಸಾಧನಗಳು ಆ ಗಳಿಗೆಯಿಂದ ಸೇರುವುದೇ ಇಲ್ಲ.

ಇನ್ನು ವಿನ್ಯಾಸ. ನಮ್ಮ ಹಾಸ್ಟೆಲ್‌ಗಳನ್ನೇ ತೆಗೆದುಕೊಳ್ಳೋಣ. ನಡುವೆ ಉದ್ದನೆಯ ಕಾರಿಡಾರು, ಎರಡೂ ಕಡೆ ಕೋಣೆಗಳು. ಕೇಬಲ್ ಎಳೆಯುವುದು ಸುಲಭ ಎಂದು ಆಕ್ಸೆಸ್ ಪಾಯಿಂಟ್‌ಗಳನ್ನು ಕಾರಿಡಾರಿನ ಸೂರಿಗೆ ಸಾಲಾಗಿ ಹೊಡೆಯುತ್ತಾರೆ. ಅಲ್ಲಿ ಅವು ಒಂದನ್ನೊಂದು ಅಡ್ಡಿಯಿಲ್ಲದೆ ಕೇಳಿಸಿಕೊಂಡು ಸರದಿಗಾಗಿ ಕಾಯುತ್ತವೆ. ಹುಡುಗರು ಮಾತ್ರ ಗೋಡೆ, ಕಬ್ಬಿಣದ ಬೀರು, ಬಚ್ಚಲುಮನೆಗಳ ಆಚೆ ಇರುತ್ತಾರೆ. ಆಕ್ಸೆಸ್ ಪಾಯಿಂಟ್ ಕೋಣೆಯ ಒಳಗೇ ಇರಲಿ. ಒಂದು ಎಡಗಡೆ, ಮುಂದಿನದು ಬಲಗಡೆ, ಮೇಲಿನ ಮಹಡಿಯಲ್ಲಿ ಅದೇ ಕೋಣೆಯ ನೇರಕ್ಕೆ ಬಾರದ ಹಾಗೆ. ಆಗ ಗೋಡೆಗಳೇ ನಿಮ್ಮ ಪರ ಕೆಲಸ ಮಾಡುತ್ತವೆ.

ಗೋಡೆ ಎಷ್ಟು ನುಂಗುತ್ತದೆ ಎಂಬುದನ್ನು ಪಟ್ಟಿ ನೋಡಿ ಹೇಳಬೇಡಿ, ಅಳೆಯಿರಿ. ಆಕ್ಸೆಸ್ ಪಾಯಿಂಟನ್ನು ಟ್ರೈಪಾಡ್ ಮೇಲೆ, ಮುಂದೆ ಕೂರಿಸುವ ಎತ್ತರದಲ್ಲೇ ನಿಲ್ಲಿಸಿ. ಗೋಡೆಯ ಈಚೆ ಹತ್ತು ಸಲ, ಆಚೆ ಹತ್ತು ಸಲ ಸಿಗ್ನಲ್ ಓದಿ ಸರಾಸರಿ ತೆಗೆಯಿರಿ. ಮೈ ತಿರುಗಿಸಿದರೂ ಅಂಕಿ ಏರುಪೇರಾಗುತ್ತದೆ, ಅದಕ್ಕೇ ಹತ್ತು ಸಲ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಒಂದು ಥರ, ಸೈಜುಗಲ್ಲಿನದು ಇನ್ನೊಂದು ಥರ. ಕರಾವಳಿಯ ಮುರಕಲ್ಲಿನ ಗೋಡೆಯನ್ನು ಬೇಸಿಗೆಯಲ್ಲಿ ಅಳೆದಿದ್ದರೆ ಮಳೆಗಾಲದಲ್ಲಿ ಇನ್ನೊಮ್ಮೆ ಅಳೆಯುವುದು ಒಳ್ಳೆಯದು. ನೀರು ಕುಡಿದ ಕಲ್ಲು ಹೆಚ್ಚು ನುಂಗುತ್ತದೆ.

ಅಳತೆ ಕೈಗೆ ಬಂದ ಮೇಲೆ ಲೆಕ್ಕ ಸಲೀಸು. 5.2 ಗಿಗಾಹರ್ಟ್ಸ್‌ನಲ್ಲಿ ಮೊದಲ ಮೀಟರಿಗೇ ಸುಮಾರು 47 ಡೆಸಿಬಲ್ ಹೋಗುತ್ತದೆ. ದೂರ ಇಮ್ಮಡಿಯಾದಾಗಲೆಲ್ಲ ಇನ್ನೂ 6. ಎಂಟು ಮೀಟರಿಗೆ 65. ಆಂಟೆನಾ ಗೇನ್ ಬದಿಗಿಟ್ಟರೆ, 14 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಕಳಿಸಿದ್ದು ಮೈನಸ್ 51 ಆಗಿ ತಲುಪುತ್ತದೆ. ಗೋಡೆಯೊಂದಕ್ಕೆ 8 ಡೆಸಿಬಲ್ ಎಂದು ನೀವು ಅಳೆದಿದ್ದರೆ ಎರಡು ಗೋಡೆ ದಾಟಿದಾಗ ಮೈನಸ್ 67. ವೈ-ಫೈ ಮೇಲೆ ಕರೆ ಮಾಡಲು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗಡಿ ಅದೇ. ಮೂರನೆಯ ಗೋಡೆಯ ಆಚೆಗಿನ ಕೋಣೆಗೆ ಬೇರೆ ಆಕ್ಸೆಸ್ ಪಾಯಿಂಟ್ ಬೇಕು.

ಪವರ್ ಏರಿಸಿದರೆ ಆಗದೇ ಎಂದು ಪ್ರತಿ ತರಗತಿಯಲ್ಲೂ ಯಾರಾದರೂ ಕೇಳುತ್ತಾರೆ. ಆಕ್ಸೆಸ್ ಪಾಯಿಂಟ್ ಮೈಕಿನಲ್ಲಿ ಕೂಗಿದರೂ ಫೋನಿನ ದನಿ ಅಷ್ಟೇ ಇರುತ್ತದೆ. ಫೋನಿನಲ್ಲಿ ಕಡ್ಡಿಗಳು ತುಂಬಿರುತ್ತವೆ, ಅದು ಹೇಳಿದ್ದು ವಾಪಸು ಮುಟ್ಟುವುದಿಲ್ಲ. ಜೊತೆಗೆ ಯಾವ ಆಕ್ಸೆಸ್ ಪಾಯಿಂಟಿಗೆ ಹೋಗಬೇಕೆಂದು ತೀರ್ಮಾನಿಸುವುದು ಫೋನೇ. ದೂರದ್ದು ಜೋರಾಗಿ ಕೇಳುತ್ತಿದ್ದರೆ ಅದನ್ನೇ ಹಿಡಿದು ಕೂರುತ್ತದೆ. 2.4ರಲ್ಲಿ 1, 6, 11 ಚಾನೆಲ್‌ಗಳನ್ನು ಬಿಟ್ಟು ಬೇರೆ ಮುಟ್ಟಬೇಡಿ. 5 ಗಿಗಾಹರ್ಟ್ಸ್‌ನಲ್ಲಿ 2018ರ ಅಧಿಸೂಚನೆಯ ನಂತರ ನಮ್ಮ ದೇಶದಲ್ಲಿ ಲೈಸೆನ್ಸಿಲ್ಲದೆ ಬಳಸಲು 605 ಮೆಗಾಹರ್ಟ್ಸ್ ಸಿಕ್ಕಿದೆ. ಹಾಗೆಂದು ಹಾಸ್ಟೆಲ್‌ನಲ್ಲಿ ಚಾನೆಲ್‌ಗೆ 80 ಮೆಗಾಹರ್ಟ್ಸ್ ಅಗಲ ಇಡಬೇಡಿ, 20 ಸಾಕು.

ವಿದ್ಯುತ್ತಿನ ವಿಷಯ ಬೇಗ ಮುಗಿಸುತ್ತೇನೆ. ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ ಕಳಿಸುವುದು ಪಿಒಇ. ಅದರ 802.3ಎಎಫ್ ಮಾನದಂಡ ಸ್ವಿಚ್ ಪೋರ್ಟಿನಲ್ಲಿ 15.4 ವ್ಯಾಟ್ ಕೊಡುತ್ತದೆ, 802.3ಎಟಿ 30. ಸ್ವಿಚ್‌ನ ಒಟ್ಟು ವಿದ್ಯುತ್ ಬಜೆಟ್ ಓದದೆ ಪೋರ್ಟ್ ಎಣಿಸಿ ಕೊಂಡರೆ ಕೊನೆಯ ಕೆಲವು ಆಕ್ಸೆಸ್ ಪಾಯಿಂಟ್‌ಗಳು ಹೊತ್ತಿಕೊಳ್ಳುವುದಿಲ್ಲ. ಕೇಬಲ್‌ನ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯುಮಿನಿಯಂ, ವಾಪಸು ಕೊಡಿ.

ಭದ್ರತೆಗೆ ಬರುತ್ತೇನೆ. ನಾನೂರು ಜನಕ್ಕೆ ಒಂದೇ ಪಾಸ್‌ವರ್ಡ್ ಕೊಟ್ಟರೆ ಅದು ಗೋಡೆಯ ಮೇಲೆ ಬರೆದಂತೆಯೇ ಸರಿ. ಡಬ್ಲ್ಯೂಪಿಎ2 ಎಂಬ ವೈ-ಫೈ ಭದ್ರತಾ ವಿಧಾನದಲ್ಲಿ ಆ ಪಾಸ್‌ವರ್ಡ್ ಗೊತ್ತಿದ್ದು, ಸೇರುವಾಗಿನ ಹ್ಯಾಂಡ್‌ಶೇಕ್ (ಸಾಧನವೂ ಆಕ್ಸೆಸ್ ಪಾಯಿಂಟೂ ಬದಲಿಸಿಕೊಳ್ಳುವ ಮೊದಲ ಸಂದೇಶಗಳು) ಹಿಡಿದಿಟ್ಟುಕೊಂಡವನು ಪಕ್ಕದವನ ಟ್ರಾಫಿಕ್ ಬಿಡಿಸಿ ನೋಡಬಹುದು. ಪಾಸ್‌ವರ್ಡ್ ಗೊತ್ತಿಲ್ಲದವನೂ ಹ್ಯಾಂಡ್‌ಶೇಕ್ ಒಯ್ದು ಮನೆಯಲ್ಲಿ ಕೂತು ಊಹಿಸಬಹುದು. 2018ರಲ್ಲಿ ಬಂದ ಡಬ್ಲ್ಯೂಪಿಎ3 ಈ ಎರಡನ್ನೂ ತಡೆಯುತ್ತದೆ. ಸಂಸ್ಥೆಗಳಿಗಾದರೆ 802.1ಎಕ್ಸ್ ಬೇಕು, ಒಬ್ಬೊಬ್ಬರಿಗೂ ಅವರದೇ ಗುರುತು.

ಆದರೆ ಎಡವುವುದು ಇಲ್ಲೇ. ಆ ಗುರುತು ಪರೀಕ್ಷಿಸುವ ರೇಡಿಯಸ್ ಸರ್ವರ್ ಎಲ್ಲ ಸರಿಯಾಗಿ ಕಟ್ಟಿ, ಫೋನಿನಲ್ಲಿ ಸರ್ವರ್ ಅಸಲಿ ಎಂದು ತೋರಿಸುವ ಸರ್ಟಿಫಿಕೇಟ್ ಕೇಳಿದ ಕಡೆ 'ಪರಿಶೀಲಿಸಬೇಡ' ಎಂದು ಒತ್ತಿ ಎಂಬ ಸೂಚನೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ಆ ಒಂದು ಒತ್ತಿನಿಂದ ಕಟ್ಟಿದ್ದೆಲ್ಲ ಹೋಯಿತು. ಅದೇ ಹೆಸರಿನ ನಕಲಿ ಆಕ್ಸೆಸ್ ಪಾಯಿಂಟ್ ಇಟ್ಟವನಿಗೆ ಫೋನು ತಾನಾಗಿಯೇ ಹೋಗಿ ಗುರುತು ಒಪ್ಪಿಸುತ್ತದೆ. ಇದನ್ನು ಲ್ಯಾಬಿನಲ್ಲಿ ತೋರಿಸಿ. ಹಳೆಯ ಪಿಸಿಯಲ್ಲಿ ಫ್ರೀರೇಡಿಯಸ್ ಎಂಬ ರೇಡಿಯಸ್ ಸಾಫ್ಟ್‌ವೇರ್ ಹಾಕಿ ನಕಲಿ ನೆಟ್‌ವರ್ಕ್ ಎಬ್ಬಿಸಿ. ಎರಡು ಫೋನು ತನ್ನಿ, ಒಂದರಲ್ಲಿ ಸಿಎ (ಸರ್ಟಿಫಿಕೇಟ್ ಕೊಡುವವರ) ಸರ್ಟಿಫಿಕೇಟ್ ಮತ್ತು ಡೊಮೈನ್ ಹೆಸರು ತುಂಬಿರಲಿ, ಇನ್ನೊಂದರಲ್ಲಿ ಬೇಡ. ಮೊದಲನೆಯದು ಬೆನ್ನು ತಿರುಗಿಸುತ್ತದೆ, ಎರಡನೆಯದರ ಬಳಕೆದಾರ ಹೆಸರು ಲಾಗ್‌ನಲ್ಲಿ ಬಂದು ಕೂರುತ್ತದೆ. ಲಾಗ್‌ನಲ್ಲಿ ಆ ಸಾಲನ್ನು ಕಂಡ ಹುಡುಗಿ ಮುಂದೆಂದೂ ಅಂಥ ನೋಟಿಸ್ ಬರೆಯುವುದಿಲ್ಲ. ಅಭ್ಯಾಸವೆಲ್ಲ ನಿಮ್ಮದೇ ಸಾಧನಗಳ ಮೇಲೆ ಮಾತ್ರ. ಬೇರೆಯವರ ನೆಟ್‌ವರ್ಕ್ ಮುಟ್ಟಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಿವೆ. ಹಾಗೆಯೇ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡುವುದನ್ನೂ ಗಡಿಯಾರ ಹೊಂದಿಸುವುದನ್ನೂ ಪಾಠದಲ್ಲೇ ಸೇರಿಸಿ. ಗಡಿಯಾರ ತಪ್ಪಿದರೆ ಸರಿಯಾದ ಸರ್ಟಿಫಿಕೇಟೂ ಅವಧಿ ಮೀರಿದಂತೆ ಕಾಣುತ್ತದೆ.

ದೋಷ ಹುಡುಕುವಾಗ ಕೇಳಬೇಕಾದ್ದು ಒಂದೇ ಪ್ರಶ್ನೆ: ಸಾಧನ ಎಲ್ಲಿಗೆ ಬಂದು ನಿಂತಿತು? ಹೆಸರು ಕಂಡಿತೇ, ಸೇರಿತೇ, ಗುರುತು ಒಪ್ಪಿತೇ, ಐಪಿ ವಿಳಾಸ ಸಿಕ್ಕಿತೇ, ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಉತ್ತರಿಸಿತೇ. ಒಂದು ಉದಾಹರಣೆ ನೋಡಿ. ಬೆಳಿಗ್ಗೆ ಎಲ್ಲ ಸರಿ. ರಾತ್ರಿ ಎಂಟಕ್ಕೆ ಕಡ್ಡಿ ತುಂಬಾ ಇದೆ, ಇಂಟರ್‌ನೆಟ್ ಇಲ್ಲ. ಕೂಡಲೇ ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಿ ಎನ್ನುತ್ತಾರೆ. ಫೋನಿನ ವಿಳಾಸ ನೋಡಿ, 169.254ರಿಂದ ಶುರುವಾಗಿದ್ದರೆ ಅಥವಾ ವಿಳಾಸವೇ ಇಲ್ಲದಿದ್ದರೆ ತೊಂದರೆ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿದೆ. /24 ಜಾಲದಲ್ಲಿ ಗೇಟ್‌ವೇ ಬಿಟ್ಟರೆ 253 ವಿಳಾಸ. 120 ಜನ, ಒಬ್ಬೊಬ್ಬರಿಗೆ ಎರಡು ಸಾಧನ, ಆಗಲೇ 240. ಅದರ ಮೇಲೆ ಫೋನುಗಳು ಸಾಧನದ ಗುರುತಾದ ಮ್ಯಾಕ್ ವಿಳಾಸ ಬದಲಾಯಿಸುತ್ತವೆ, ಅದರ ಎರಡನೆಯ ಅಂಕೆ 2, 6, ಎ ಅಥವಾ ಇ ಆಗಿದ್ದರೆ ಅದು ಅಂಥ ತಾತ್ಕಾಲಿಕ ವಿಳಾಸ. ಲೀಸ್ (ವಿಳಾಸ ಕೊಟ್ಟಿರುವ ಅವಧಿ) ಎಂಟು ದಿನ ಇದ್ದರೆ ಬಿಟ್ಟುಹೋದವರ ವಿಳಾಸಗಳೂ ಹಾಗೇ ಕಾದಿರುತ್ತವೆ. ಹೆಚ್ಚು ವಿಳಾಸಗಳಿರುವ /22 ಮಾಡಿ, ಲೀಸನ್ನು ಎಂಟು ಗಂಟೆಗೆ ಇಳಿಸಿ. ಹೊಸ ಆಕ್ಸೆಸ್ ಪಾಯಿಂಟ್ ತಂದಿದ್ದರೆ ಬೀಕನ್ ಲೆಕ್ಕ ಮಾತ್ರ ಹೆಚ್ಚುತ್ತಿತ್ತು.

ಮೌನಕ್ಕೂ ನಿರಾಕರಣೆಗೂ ಇರುವ ವ್ಯತ್ಯಾಸವನ್ನೂ ಕಲಿಸಬೇಕು. ಬಳಕೆದಾರರ ಪಾಸ್‌ವರ್ಡ್ ತಪ್ಪಿದ್ದರೆ ರೇಡಿಯಸ್ ಸರ್ವರ್ 'ಇಲ್ಲ' ಎಂದು ಉತ್ತರಿಸುತ್ತದೆ. ಆಕ್ಸೆಸ್ ಪಾಯಿಂಟಿನಲ್ಲಿ ಹಾಕಿದ ಶೇರ್ಡ್ ಸೀಕ್ರೆಟ್‌ನಲ್ಲಿ (ಅದಕ್ಕೂ ಸರ್ವರ್‌ಗೂ ನಡುವಿನ ಗುಟ್ಟಿನ ಪದದಲ್ಲಿ) ಒಂದಕ್ಷರ ತಪ್ಪಿದ್ದರೆ ಉತ್ತರವೇ ಬರುವುದಿಲ್ಲ.

ಪಕ್ಕದ ಕೋಣೆಯ ಮೇಜಿನ ಮೇಲೆ ಎರಡು ಆಕ್ಸೆಸ್ ಪಾಯಿಂಟ್, ಒಂದು ಪಿಒಇ ಸ್ವಿಚ್, ಒಂದು ರೇಡಿಯಸ್ ಪಿಸಿ, ಸುತ್ತಲಿನ ವೈ-ಫೈ ಸಂದೇಶಗಳನ್ನು ಕೇಳಿಸಿಕೊಳ್ಳುವ ಮಾನಿಟರ್ ಮೋಡ್ ಇರುವ ಒಂದು ಯುಎಸ್‌ಬಿ ಅಡಾಪ್ಟರ್ ಇಟ್ಟಿದೆ. ಅದರಲ್ಲಿ ನಾಲ್ಕು ದೋಷ ಹೂತಿಟ್ಟಿದ್ದೇವೆ. ಇಬ್ಬಿಬ್ಬರ ಜೋಡಿ, 45 ನಿಮಿಷ. ಒಮ್ಮೆಗೆ ಒಂದೇ ಬದಲಾವಣೆ, ಮಾಡುವ ಮುಂಚೆ ಏನು ಅಳೆದಿರಿ ಎಂದು ಕಾಗದದಲ್ಲಿ ಬರೆಯಬೇಕು. ರೀಬೂಟ್ ಮಾಡುವ ಹಾಗಿಲ್ಲ. ಬನ್ನಿ.