ಜ್ವರ ಬರುತ್ತದೆ ಅಂತ ಮೊದಲೇ ಹೇಳಿ

ಕೇಳುಗರಿಗೆ ನಮಸ್ಕಾರ. ಹೊಲದಿಂದ ಬಂದು ಕೂತವರು, ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿಟ್ಟವರು, ಅದರಲ್ಲೂ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರ್‌ಗಳು, ಈ ಮಾತು ನಿಮಗೆ.

ಕೊರೊನಾ ಲಸಿಕೆಗೆ ಜನ ಯಾಕೆ ಹೆದರಿದರು ಅಂತ ಮಾತಾಡಿ ಅಂತ ರೇಡಿಯೋದವರು ಅಂದಿದ್ದಾರೆ. ನನ್ನ ಉತ್ತರ ಒಂದೇ. ಜ್ವರ ಬರುತ್ತದೆ ಅಂತ ನಾವು ಡಾಕ್ಟರುಗಳು ಮೊದಲೇ ಹೇಳಲಿಲ್ಲ.

2021ರ ಜನವರಿ 16ಕ್ಕೆ ಲಸಿಕೆ ಶುರುವಾಯಿತು. ಮೊದಲು ಆಸ್ಪತ್ರೆ ಸಿಬ್ಬಂದಿಗೆ, ಮಾರ್ಚ್‌ನಲ್ಲಿ 60 ದಾಟಿದವರಿಗೆ, ಏಪ್ರಿಲ್‌ನಲ್ಲಿ 45 ದಾಟಿದವರಿಗೆಲ್ಲ. ಕೋವಿಶೀಲ್ಡ್ ಹಾಕಿಸಿಕೊಂಡ ಎಷ್ಟೋ ಜನರಿಗೆ ಆ ರಾತ್ರಿ ಚಳಿ, ಮೈಕೈ ನೋವು, ಜ್ವರ. ನಮಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಗಟ್ಟಿಮುಟ್ಟಾಗಿ ಹೋದವನು ರಾತ್ರಿ ನಡುಗುತ್ತಾ ಮಲಗಿದರೆ ಮನೆಯವರು ಏನಂದುಕೊಳ್ಳಬೇಕು? ಬೆಳಗಾಗುವಷ್ಟರಲ್ಲಿ ಬೀದಿಗೆಲ್ಲ ಸುದ್ದಿ. ಸಂಜೆಗೆ ವಾಟ್ಸ್ಆ್ಯಪ್‌ನಲ್ಲಿ ಅದೇ ಸುದ್ದಿ, ಸೂಜಿ ಹಾಕಿಸಿಕೊಂಡವರು ಎರಡೇ ವರ್ಷ ಬದುಕೋದಂತೆ ಅಂತ ಬೆಳೆದಿತ್ತು.

ಒಬ್ಬ ಅಜ್ಜಿಯ ವಿಷಯ ಹೇಳಲೇಬೇಕು. ಕೊಳ್ಳೇಗಾಲದ ಕಡೆ, ರೇಷ್ಮೆ ಸಾಕುವ ಊರು. ನಮ್ಮ ಆಶಾ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದರು. ನಾಲ್ಕನೇ ಸಲ ನಾನೇ ಹೋದೆ. ಅಜ್ಜಿ ಹುಳದ ಮನೆಯೊಳಗಿದ್ದರು. ಹೊಸಿಲಿಗೆ ಸುಣ್ಣದ ಪುಡಿ ಚೆಲ್ಲಿತ್ತು. ನಾನು ಕಾಲಿಡುವುದೇ ತಡ, "ಅಲ್ಲೇ ನಿಂತ್ಕಳಿ ಡಾಕ್ಟ್ರಮ್ಮ, ಹೊರಗಿನೋರು ಬಂದ್ರೆ ಹುಳಕ್ಕೆ ರೋಗ ಬತ್ತದೆ" ಅಂದರು.

ಇಂಥವರನ್ನೇ ನಮ್ಮ ಮೀಟಿಂಗ್‌ಗಳಲ್ಲಿ "ತಿಳಿವಳಿಕೆ ಇಲ್ಲದವರು" ಅಂತ ಬರೆದುಕೊಳ್ಳುತ್ತಿದ್ದೆವು. ಹೊಸಿಲಿಗೆ ಸುಣ್ಣ ಹಾಕಿ ಸೋಂಕು ತಡೆಯುವವರಿಗೆ ತಿಳಿವಳಿಕೆ ಇಲ್ಲವೇ? ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ತಟ್ಟೆಗಳ ಮೇಲೆ ಹುಳ ತಲೆ ಎತ್ತಿಕೊಂಡು, ಅಲ್ಲಾಡದೆ ಕೂತಿದ್ದವು. "ಜ್ವರಕ್ಕೆ ಕೂತವೆ, ನಾಲ್ಕನೇದು" ಅಂದರು ಅಜ್ಜಿ. ಪೇಟೆಯವರಿಗೆ ಹೇಳುತ್ತೇನೆ: ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟಲ್ಲ. ಅದಕ್ಕೇ ಜ್ವರ ಅನ್ನುವುದು. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಹಗಲು ರಾತ್ರಿ ತಿನ್ನುತ್ತದೆ. ಮನೆಮಂದಿಗೆ ನಿದ್ದೆ ಇರಲ್ಲ.

"ಎದುರು ಮನೆಯೋನು ಸೂಜಿ ಹಾಕಿಸ್ಕಂಡು ಎರಡು ದಿನ ಮಲಗ್ಬುಟ್ಟ. ನಾಳೆ ಹುಳ ಏಳ್ತವೆ. ನಾನೂ ಮಲಗುದ್ರೆ ಸೊಪ್ಪು ಯಾರು ಹಾಕೋರು?"

ಅಷ್ಟೇ ಇದ್ದದ್ದು! ನಾನು ಹೊಸಿಲಾಚೆ ನಿಂತೇ ಹೇಳಿದೆ. "ಜ್ವರ ಬರಬಹುದು ಅಜ್ಜಿ. ಒಂದು ದಿನ, ಜಾಸ್ತಿ ಅಂದ್ರೆ ಎರಡು ದಿನ. ಅದು ಕಾಯಿಲೆ ಅಲ್ಲ. ಕೊರೊನಾ ವೈರಸ್‌ನ ಗುರುತು ಹಿಡಿಯೋದನ್ನ ಮೈ ಕಲೀತಿರುತ್ತೆ, ಅದಕ್ಕೆ ಬಿಸಿಯಾಗುತ್ತೆ."

ಅಜ್ಜಿ ಸ್ವಲ್ಪ ಹೊತ್ತು ತಟ್ಟೆ ಕಡೆ ನೋಡಿದರು. "ಅಂಗಂದ್ರೆ ಹುಳದ ಜ್ವರ ಇದ್ದಂಗೆ. ಎದ್ದ ಮೇಲೆ ಗಟ್ಟಿಯಾಯ್ತದೆ. ಇದನ್ನ ಮೊದಲೇ ಯೋಳಕ್ಕೇನಾಗಿತ್ತು ನಿಮ್ಗೆ?"

ಹುಳ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟ ಮೇಲೆ ಬರ್ತೀನಿ ಅಂದರು. ಬರಲಿ ಅಂತ ಬಿಟ್ಟೆ. ಹತ್ತು ದಿನ ಕಳೆದು ಬಂದರು, ನಾದಿನಿಯನ್ನೂ ಕರೆದುಕೊಂಡು. ಸೂಜಿ ಹಾಕಿಸಿಕೊಂಡು ಅರ್ಧ ಗಂಟೆ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಕೂತವರಿಗೆಲ್ಲ ಹೇಳಿದ್ದು ಒಂದೇ: "ರಾತ್ರಿ ಜ್ವರ ಬತ್ತದೆ, ಹೆದರ್ಕಬ್ಯಾಡಿ." ನಾನು ಹಚ್ಚಿದ ಪೋಸ್ಟರ್‌ಗಳು ಮಾಡದ ಕೆಲಸ ಅದು.

ಹೇಳುವುದು ಇನ್ನೂ ಇತ್ತು, ಹೊತ್ತಾಗುತ್ತಿದೆ. ಎರಡನೇ ಡೋಸ್‌ಗೆ ಜನ ಬರದೇ ಇದ್ದದ್ದಕ್ಕೂ ಮೊದಲ ಡೋಸ್‌ನ ಜ್ವರ ಒಂದು ಕಾರಣ. ಬಿಪಿ, ಶುಗರ್ ಇರುವವರು ಹಾಕಿಸಬಾರದು ಅಂತ ಹಬ್ಬಿತ್ತಲ್ಲ, ಅದು ಸುಳ್ಳು. ಅವರಿಗೇ ಮೊದಲು ಬೇಕಿತ್ತು. 2022ರ ಜುಲೈ 17ಕ್ಕೆ ದೇಶದಲ್ಲಿ 200 ಕೋಟಿ ಡೋಸ್ ಆಯಿತು. ಅದರ ಹಿಂದೆ ಹೀಗೆ ಹೊಸಿಲಲ್ಲಿ ನಿಂತು ಮಾತಾಡಿದವರು ಎಷ್ಟೋ ಜನ ಇದ್ದಾರೆ.

ಈಗಿನ ಮಾತು. ನಾಳೆ ಗುರುವಾರ, ಮಕ್ಕಳಿಗೆ ಲಸಿಕೆ ಹಾಕುವ ದಿನ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಕೂಸಿಗೆ ಹಾಕುವ, ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆಗೂ ಜ್ವರ ಬರುತ್ತದೆ. ತೊಡೆ ಸ್ವಲ್ಪ ಊದುತ್ತದೆ, ಕೂಸು ರಾತ್ರಿ ಅಳುತ್ತದೆ. ಆಶಾ ಅಕ್ಕಂದಿರೇ, ಸೂಜಿ ಹಾಕುವ ಮೊದಲೇ ತಾಯಿಗೆ ಹೇಳಿ. ಮನೆಯಲ್ಲಿರುವ ಅಜ್ಜಿಗೂ ಹೇಳಿ. ಜ್ವರದ ಔಷಧಿ ಎಷ್ಟು ಹನಿ ಹಾಕಬೇಕು ಅಂತ ನರ್ಸ್ ಹತ್ತಿರ ಕೇಳಿ ಬರೆಸಿಕೊಡಿ. ಜ್ವರ ಎರಡು ದಿನ ದಾಟಿದರೆ, ಇಲ್ಲ ಕೂಸು ಹಾಲು ಕುಡಿಯದಿದ್ದರೆ, ಆಸ್ಪತ್ರೆಗೆ ಕರೆತರಲು ಹೇಳಿ.

ನಮಸ್ಕಾರ.