ಬಿಸಾಕುವ ಮೊದಲು ಮುಚ್ಚಳ ತೆಗೆಯಿರಿ

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವ ಕಂಪ್ಯೂಟರಿನ ಈ ಕಪ್ಪು ಡಬ್ಬ ನನ್ನದಲ್ಲ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರದು. 2016ರಲ್ಲಿ ಮಗಳ ಓದಿಗೆ ಅಂತ ತೆಗೆದುಕೊಂಡಿದ್ದು. ಮಗಳು ಓದು ಮುಗಿಸಿ ಕೆಲಸಕ್ಕೆ ಹೋದಳು, ಕಂಪ್ಯೂಟರ್ ಮನೆಯಲ್ಲೇ ಉಳಿಯಿತು. ಮೇಷ್ಟ್ರು ಅದರಲ್ಲಿ ಪಹಣಿ ನೋಡುತ್ತಾರೆ, ಬ್ಯಾಂಕಿನ ಕೆಲಸ ಮಾಡುತ್ತಾರೆ, ಭಾನುವಾರ ಮಗಳ ಜೊತೆ ವಿಡಿಯೋದಲ್ಲಿ ಮಾತಾಡುತ್ತಾರೆ. ಮೊನ್ನೆ ನನ್ನನ್ನು ಕರೆದು ಕೇಳಿದರು: "ಆನ್ ಮಾಡಿ, ಒಳಗೆ ಹೋಗಿ ಕಾಫಿ ಕುಡಿದು ಬಂದರೂ ಇದು ಶುರುವಾಗಿರಲ್ಲ. ಅಂಗಡಿಯವರು ಬಿಸಾಕಿ, ಹೊಸದು ತಗೊಳ್ಳಿ ಅಂದರು. ಬಿಸಾಕಲಾ?"

ಇವತ್ತಿನ ಮಾತೆಲ್ಲ ಆ ಒಂದು ಪ್ರಶ್ನೆಗೆ ಉತ್ತರ. ಅವರು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ.

ಮನೆಯ ಕಂಪ್ಯೂಟರ್ ಎಷ್ಟು ವರ್ಷ ಬಾಳಬೇಕು ಅಂದರೆ ಜನ ಸಾಮಾನ್ಯವಾಗಿ ಮೂರು ವರ್ಷ ಅಂತಾರೆ, ಇಲ್ಲ ಐದು ಅಂತಾರೆ. ಈ ಮೂರು ವರ್ಷಕ್ಕೆ ಒಂದು ಮೂಲ ಇದೆ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳ ಬಳಕೆಯ ಆಯಸ್ಸು 3 ವರ್ಷ ಅಂತ ಬರೆದಿದೆ. ಸರ್ವರಿಗೆ 6 ವರ್ಷ. ಆದಾಯ ತೆರಿಗೆಯ ಲೆಕ್ಕದಲ್ಲೂ ಕಂಪ್ಯೂಟರಿನ ಸವಕಳಿ ವರ್ಷಕ್ಕೆ 40 ಪರ್ಸೆಂಟ್. ಇದು ಪುಸ್ತಕದಲ್ಲಿ ಬೆಲೆ ಇಳಿಸುವ ಲೆಕ್ಕ. ಯಂತ್ರ ಕೆಡುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಂಪನಿಗಳು ಈ ಲೆಕ್ಕ ನೋಡಿ ಕಂಪ್ಯೂಟರ್ ಬದಲಾಯಿಸುತ್ತವೆ. ಅದನ್ನು ನೋಡಿ ನಾವೂ ಮೂರು ವರ್ಷ ಆಯ್ತು ಅಂದರೆ ಹಳೇದಾಯ್ತು ಅಂದುಕೊಳ್ಳುತ್ತೇವೆ.

ನಮ್ಮ ಮಲೆನಾಡಿನ ಹೆಂಚಿನ ಮನೆ ನೆನಪು ಮಾಡಿಕೊಳ್ಳಿ. ಮಳೆಗಾಲಕ್ಕೆ ಮೊದಲು ಒಡೆದ ಹೆಂಚು ಬದಲಾಯಿಸುತ್ತೇವೆ. ಗೆದ್ದಲು ಹಿಡಿದ ರೀಪು ತೆಗೆದು ಬೇರೆ ಹಾಕುತ್ತೇವೆ. ಮನೆ ಸೋರಿತು ಅಂತ ಮನೆಯನ್ನೇ ಯಾರೂ ಕೆಡವಲ್ಲ. ಕಂಪ್ಯೂಟರ್ ಕೂಡ ಹಾಗೇ. ನಾವು ಈ ಇಡೀ ಡಬ್ಬಕ್ಕೆ ಸಿಪಿಯು ಅಂತ ಕರೆದು ರೂಢಿಯಾಗಿರುವುದರಿಂದ ಒಳಗೆ ಒಂದೇ ವಸ್ತು ಇದೆ ಅನ್ನಿಸುತ್ತದೆ. ಇರುವುದು ಏಳೆಂಟು ಬಿಡಿ ಭಾಗಗಳು. ಒಂದೊಂದರ ವಯಸ್ಸು ಒಂದೊಂದು.

ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದರಲ್ಲಿ ಅಲುಗಾಡುವ ಭಾಗವೇ ಇಲ್ಲ. ಇಷ್ಟು ವರ್ಷದಲ್ಲಿ ಅದು ತಾನಾಗಿ ಸತ್ತಿದ್ದನ್ನು ನಾನು ನೋಡಿದ್ದು ತೀರಾ ಕಡಿಮೆ. ಮೊದಲು ಸೋಲುವುದು ಅಲುಗಾಡುವ ಭಾಗಗಳು. ಫ್ಯಾನ್ ಸೋಲುತ್ತದೆ, ಹಾರ್ಡ್ ಡಿಸ್ಕ್ ಸೋಲುತ್ತದೆ.

ನಮ್ಮ ಫೈಲ್ ಎಲ್ಲ ಇರುವ ಈ ಹಾರ್ಡ್ ಡಿಸ್ಕ್ ಬಗ್ಗೆ ಸ್ವಲ್ಪ ಹೇಳಬೇಕು. ಮೇಷ್ಟ್ರ ಕಾಫಿಯ ಕಥೆಗೆ ಕಾರಣ ಅದೇ. ನಾನು ಕೆಟ್ಟ ಡಿಸ್ಕ್ ಒಂದನ್ನು ಬಿಚ್ಚಿ ತಂದಿದ್ದೇನೆ, ಕೈಯಿಂದ ಕೈಗೆ ದಾಟಿಸಿ. ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆ ಇದೆ ನೋಡಿ. ಇದು ನಿಮಿಷಕ್ಕೆ 5400 ಸಲವೋ 7200 ಸಲವೋ ತಿರುಗುತ್ತದೆ. ಆ ಪಕ್ಕದ ಕಡ್ಡಿ ತಟ್ಟೆಯ ಮೇಲೆ ಅತ್ತಿತ್ತ ಓಡಾಡಿ, ಬೇಕಾದ್ದು ಎಲ್ಲಿದೆ ಅಂತ ಹುಡುಕುತ್ತದೆ. ಕಡ್ಡಿಯ ತುದಿ ತಟ್ಟೆಗೆ ತಾಗುವುದಿಲ್ಲ, ಕೂದಲೆಳೆಗಿಂತ ಎಷ್ಟೋ ಸಣ್ಣ ಅಂತರದಲ್ಲಿ ತೇಲುತ್ತದೆ. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲ್ ಓದಬೇಕು. ಪ್ರತಿ ಫೈಲಿಗೂ ಈ ಕಡ್ಡಿ ಓಡಬೇಕು. ಪ್ರೊಸೆಸರ್ ಸುಮ್ನೆ ಕಾಯುತ್ತಾ ಕೂತಿರುತ್ತದೆ. ನಾವು ಮಾತ್ರ ಕಂಪ್ಯೂಟರಿಗೆ ವಯಸ್ಸಾಯ್ತು ಅಂತೇವೆ.

ಇದರ ಜಾಗಕ್ಕೆ ಫೈಲ್‌ಗಳನ್ನು ಚಿಪ್ಪಿನಲ್ಲೇ ಇಡುವ ಎಸ್‌ಎಸ್‌ಡಿ ಹಾಕಿದರೆ ತಿರುಗುವ ತಟ್ಟೆಯೂ ಇಲ್ಲ, ಓಡುವ ಕಡ್ಡಿಯೂ ಇಲ್ಲ. ಹತ್ತು ವರ್ಷ ಹಳೆಯ ಯಂತ್ರ ಕೂಡ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ. ಮನೆಯ ಕಂಪ್ಯೂಟರಿಗೆ ಮಾಡುವ ರಿಪೇರಿಗಳಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಫಲ ಕೊಡುವುದು ಇನ್ನೊಂದಿಲ್ಲ. ಹಳೇ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡಲು ಶುರು ಮಾಡಿದ್ದರೆ ಮಾತ್ರ ತಡ ಮಾಡಬೇಡಿ. ಅವತ್ತೇ ಫೋಟೋ, ಕಾಗದಪತ್ರ ಎಲ್ಲ ಬೇರೆ ಕಡೆ ಇಳಿಸಿಕೊಳ್ಳಿ.

ಇನ್ನೊಂದು ಚಿಕ್ಕ ಭಾಗ ಇದೆ, ಅದರ ಕಥೆ ನಮ್ಮ ಅತ್ತಿಗೆ ಮನೆಯದು. ಅವರ ಕಂಪ್ಯೂಟರಿನಲ್ಲಿ ಇದ್ದಕ್ಕಿದ್ದಂತೆ ಬ್ಯಾಂಕಿನ ಪುಟ ತೆರೆಯುವುದು ನಿಂತಿತು. ಯಾವ ಪುಟ ತೆರೆದರೂ ಕೆಂಪು ಎಚ್ಚರಿಕೆ. ವೈರಸ್ ಬಂದಿದೆ, ಬೋರ್ಡ್ ಹೋಗಿದೆ, ಹೊಸದು ಕೊಳ್ಳುವುದೇ ವಾಸಿ ಅಂತ ಅಂಗಡಿಯಲ್ಲಿ ಹೇಳಿ ಕಳಿಸಿದ್ದರು. ನಾನು ಹೋಗಿ ಕೂತು ನೋಡಿದರೆ, ಪರದೆಯ ಬಲಗಡೆ ಕೆಳಗಿನ ಮೂಲೆಯಲ್ಲಿ ತಾರೀಕು 2009ರ ಜನವರಿ 1 ಅಂತ ಇತ್ತು! ಮದರ್‌ಬೋರ್ಡ್ ಮೇಲೆ, ಅಂದರೆ ಎಲ್ಲ ಭಾಗಗಳೂ ಕೂರುವ ಹಲಗೆಯ ಮೇಲೆ, ನಾಣ್ಯದಷ್ಟು ಅಗಲದ ಒಂದು ಸೆಲ್ ಇರುತ್ತದೆ. ಅದರ ಮೇಲೆ 2032 ಅಂತ ಬರೆದಿರುತ್ತದೆ, ಇಸವಿ ಅಲ್ಲ, ಸೆಲ್ಲಿನ ನಂಬರ್. 3 ವೋಲ್ಟಿನದು. ಸ್ವಿಚ್ ಆಫ್ ಆಗಿದ್ದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಕೆಲವು ವರ್ಷಕ್ಕೆ ಅದು ಸೋತರೆ ಕಂಪ್ಯೂಟರಿಗೆ ಇವತ್ತು ಯಾವ ದಿನ ಅನ್ನುವುದೇ ಮರೆತುಹೋಗುತ್ತದೆ. ಬ್ಯಾಂಕಿನ ಪುಟ ತನ್ನ ಗುರುತಿನ ಪತ್ರ ತೋರಿಸಿದಾಗ, ಅದರ ಮೇಲಿನ ತಾರೀಕು ಇನ್ನೂ ಬಂದೇ ಇಲ್ಲವಲ್ಲ ಅಂತ ಕಂಪ್ಯೂಟರ್ ಬಾಗಿಲು ಹಾಕಿಕೊಳ್ಳುತ್ತದೆ. ವಾಚ್ ರಿಪೇರಿ ಅಂಗಡಿಯಿಂದ ಸೆಲ್ ತಂದು ಹಾಕಿದೆ, ಅಷ್ಟೇ. ಆ ಕಂಪ್ಯೂಟರ್ ಮತ್ತೆ ನಾಲ್ಕು ವರ್ಷ ನಡೆಯಿತು. ನನಗೆ ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಒಂದು ಸೆಲ್ಲಿಗೆ ಸೋತು ಎಷ್ಟು ಒಳ್ಳೆಯ ಯಂತ್ರಗಳು ಗುಜರಿಗೆ ಹೋಗಿರಬೇಕು!

ನಮ್ಮ ಕಡೆ ಕಂಪ್ಯೂಟರಿನ ಆಯಸ್ಸಿಗೆ ದೊಡ್ಡ ಶತ್ರು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಿಮಗೆಲ್ಲ ಗೊತ್ತು. 2011ರಲ್ಲಿ ನಮ್ಮ ಮನೆಯಲ್ಲಿ ಕರೆಂಟಿನ ಪ್ಲಗ್ ತೆಗೆದಿದ್ದೆವು, ಫೋನಿನ ವೈರ್ ತೆಗೆಯಲು ಮರೆತಿದ್ದೆವು. ಸಿಡಿಲು ಫೋನಿನ ಲೈನಿನಲ್ಲಿ ಬಂದು, ಮೋಡೆಮ್ ಸುಟ್ಟು, ನೆಟ್ ಕೇಬಲ್ಲಿನಲ್ಲಿ ಕಂಪ್ಯೂಟರ್ ಸೇರಿತು. ಬೋರ್ಡಿನಲ್ಲಿ ಕೇಬಲ್ ಚುಚ್ಚುವ ಜಾಗ ಒಂದು ಸತ್ತಿತ್ತು, ಮಿಕ್ಕಿದ್ದೆಲ್ಲ ಜೀವಂತ. ಬೋರ್ಡೇ ಬದಲಾಯಿಸಬೇಕು ಅಂದರು. ನಾನು ಇನ್ನೂರೈವತ್ತು ರೂಪಾಯಿಯ ನೆಟ್‌ವರ್ಕ್ ಕಾರ್ಡ್ ತಂದು ಖಾಲಿ ಸ್ಲಾಟಿನಲ್ಲಿ ಕೂರಿಸಿದೆ. ಮತ್ತೆ ಐದು ವರ್ಷ ಅದರಲ್ಲೇ ಕೆಲಸ ಮಾಡಿದೆ. ಆಕಾಶ ಕಪ್ಪಾದಾಗ ಎರಡೂ ವೈರ್ ತೆಗೆಯಿರಿ. ಯುಪಿಎಸ್ ಇದೆಯಲ್ಲ ಅಂತ ನಂಬಿ ಕೂರಬೇಡಿ.

ಹಾಗಂತ ಯಾವತ್ತೂ ಬದಲಾಯಿಸಬೇಡಿ ಅಂತ ನಾನು ಹೇಳುತ್ತಿಲ್ಲ. ನಾನೇ ಬದಲಾಯಿಸಿದ್ದೇನೆ. ನನ್ನ ಮೊದಲ ಕಂಪ್ಯೂಟರ್ 1999ರದು, 32 ಎಂಬಿ ರ‍್ಯಾಮ್, ವಿಂಡೋಸ್ 98. ಒಂದು ಭಾಗವೂ ಕೆಟ್ಟಿರಲಿಲ್ಲ. ಆದರೆ ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪಟ್ಟಿ, ಅದರಲ್ಲಿ ಬರೆದ ಕನ್ನಡದ ಪುಟ ತೆರೆದರೆ ಸಾಲು ಸಾಲು ಚೌಕಗಳು. ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲೇ. ವಿಂಡೋಸ್‌ನಲ್ಲಿ ಅದು ಸರಿಯಾಗಿ ಕಂಡಿದ್ದು 2001ರಲ್ಲಿ ಎಕ್ಸ್‌ಪಿ ಬಂದ ಮೇಲೆ, ಅದರ ಜೊತೆಗೆ ತುಂಗಾ ಫಾಂಟ್ ಬಂದ ಮೇಲೆ. ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ಬೇಕಿತ್ತು, ಸುಗಮವಾಗಿ ನಡೆಯಲು 128. 2004ರಲ್ಲಿ ಹೊಸದು ತಂದೆ. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತ ಕನ್ನಡವನ್ನು ಪರದೆಯ ಮೇಲೆ ಓದಿದ ಆ ಸಂಜೆ ನನಗೆ ಇನ್ನೂ ನೆನಪಿದೆ. ಅದು ಬದಲಾಯಿಸಲು ತಕ್ಕ ಕಾರಣ. ನನಗೆ ಬೇಕಾದ ಕೆಲಸ ಆ ಯಂತ್ರದಿಂದ ಆಗುತ್ತಿರಲಿಲ್ಲ.

ಈಗಿನ ಕಾಲದಲ್ಲಿ ಕಂಪ್ಯೂಟರಿಗೆ ಗಡುವು ಹಾಕುತ್ತಿರುವುದು ಸಾಫ್ಟ್‌ವೇರ್. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಭದ್ರತೆಯ ಅಪ್‌ಡೇಟ್ ಮಾತ್ರ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್, ಇಲ್ಲವೇ ಅದಕ್ಕಿಂತ ಹೊಸದು ಬೇಕು. ನಿಮ್ಮದು ಎಷ್ಟನೆಯದು ಅಂತ ನೋಡುವುದು ಸುಲಭ. ಐ5-7400 ಅಂತಿದ್ದರೆ ಅಡ್ಡಗೆರೆಯ ಮುಂದಿನ 7 ತಲೆಮಾರಿನ ಅಂಕಿ. 8400 ಆದರೆ ಎಂಟನೆಯದು. ಮೇಷ್ಟ್ರದು ಐ3-6100. ಅಂದರೆ ಆರನೆಯದು, ಹೊರಗೆ.

ಇದು ನನಗೆ ನೋವಿನ ವಿಷಯ. ಯಂತ್ರ ಗಟ್ಟಿಯಾಗಿದೆ, ಅವರ ಕೆಲಸಕ್ಕೆ ಸಾಕಷ್ಟು ವೇಗ ಇದೆ. ಹಾಗಿದ್ದೂ ಅದು ಬೇಡವಾಯ್ತು. ಆದರೆ ಅಪ್‌ಡೇಟ್ ಇಲ್ಲದ ವಿಂಡೋಸ್‌ನಲ್ಲಿ ಬ್ಯಾಂಕಿನ ಕೆಲಸ ಮಾಡಿ ಅಂತ ನಾನಂತೂ ಹೇಳಲಾರೆ. ಕಳ್ಳರಿಗೆ ಹೊಸ ದಾರಿ ಸಿಗುತ್ತಲೇ ಇರುತ್ತದೆ, ಮುಚ್ಚುವವರು ಇರುವುದಿಲ್ಲ. ಬ್ರೌಸರ್‌ಗಳೂ ಒಂದಿನ ಕೈಬಿಡುತ್ತವೆ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು, ಮೂರು ವರ್ಷ ಕಳೆದು 2023ರಲ್ಲಿ ಕ್ರೋಮ್ ಕೂಡ ಅದರ ಕೈ ಬಿಟ್ಟಿತು.

ದಾರಿ ಇದೆ. ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್‌ನಂಥದ್ದು ಹಾಕಿಕೊಂಡರೆ ಇದೇ ಯಂತ್ರಕ್ಕೆ ವರ್ಷಗಟ್ಟಲೆ ಅಪ್‌ಡೇಟ್ ಬರುತ್ತದೆ, ಕಾಸು ಕೊಡಬೇಕಾಗಿಲ್ಲ. ಬ್ರೌಸರ್, ಬ್ಯಾಂಕು, ಪಹಣಿ, ವಿಡಿಯೋ ಎಲ್ಲ ನಡೆಯುತ್ತದೆ. ಕನ್ನಡ ಟೈಪಿಂಗಿಗೆ ನಮಗೆ ರೂಢಿಯಾದ ಕೆಜಿಪಿ ಕೀಲಿಮಣೆ ಅದರಲ್ಲೂ ಸಿಗುತ್ತದೆ. ಎಲ್ಲರಿಗೂ ಹೊಂದುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಗೆ ಪೆನ್‌ಡ್ರೈವಿನಂಥ ಟೋಕನ್ ಬಳಸುವವರು ವಿಂಡೋಸ್‌ನಲ್ಲೇ ಇರುವುದು ವಾಸಿ. ಅವರಿಗೆ ಯಂತ್ರ ಬದಲಾಯಿಸುವ ಸಮಯ ಬಂದಿದೆ. ಹೊಸದೇ ಆಗಬೇಕಿಲ್ಲ. ಕಂಪನಿಗಳು ಮೂರ್ನಾಲ್ಕು ವರ್ಷಕ್ಕೆ ಬಿಟ್ಟುಕೊಟ್ಟ ಗಟ್ಟಿ ಯಂತ್ರಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಾಲಾಗಿ ಕೂತಿರುತ್ತವೆ. ಎಂಟನೇ ತಲೆಮಾರು ದಾಟಿದ್ದು ನೋಡಿ, ಬಿಲ್ ಪಡೆದು ತನ್ನಿ.

ಲ್ಯಾಪ್‌ಟಾಪ್ ಬಗ್ಗೆ ಎರಡೇ ಮಾತು. ಅದರ ಆಯಸ್ಸು ಕಡಿಮೆ, ಯಾಕೆಂದರೆ ಬಿಸಿ ಜಾಸ್ತಿ, ಜಾಗ ಕಡಿಮೆ. ಹಾಸಿಗೆಯ ಮೇಲೆ ಇಟ್ಟು ಬಳಸಿದರೆ ಉಸಿರುಕಟ್ಟುತ್ತದೆ. ಬ್ಯಾಟರಿ ಸೋತರೆ ಬದಲಾಯಿಸಬಹುದು, ಆದರೆ ಅದು ಉಬ್ಬಿ ಕೀಬೋರ್ಡ್ ಮೇಲೆದ್ದಿದ್ದರೆ ಆ ಕ್ಷಣವೇ ಬಳಸುವುದು ನಿಲ್ಲಿಸಿ. ಚುಚ್ಚಬೇಡಿ, ಒತ್ತಬೇಡಿ. ಅದಕ್ಕೆ ಬೆಂಕಿ ಹತ್ತಬಹುದು. ಕೊಳ್ಳುವಾಗಲೇ ರ‍್ಯಾಮ್ ಬೋರ್ಡಿಗೆ ಬೆಸುಗೆ ಹಾಕಿದ್ದಾ, ಬದಲಾಯಿಸಲು ಬರುತ್ತದಾ ಅಂತ ಕೇಳಿ. ಬೆಸುಗೆ ಹಾಕಿದ್ದರೆ ಅದರ ಆಯಸ್ಸು ಅವತ್ತೇ ಅರ್ಧ ಬರೆದಾಯ್ತು.

ನನ್ನ ಲೆಕ್ಕ ಕೇಳುತ್ತೀರಲ್ವಾ? ಡೆಸ್ಕ್‌ಟಾಪ್ 10 ವರ್ಷ ಬಾಳಬೇಕು, ಐದನೇ ವರ್ಷಕ್ಕೆ ಒಂದು ಒಳ್ಳೆಯ ರಿಪೇರಿ ಮಾಡಿಸಿ. ಲ್ಯಾಪ್‌ಟಾಪ್ 7 ವರ್ಷ, ನಡುವೆ ಒಂದು ಬ್ಯಾಟರಿ. ಏಳೆಂಟು ವರ್ಷ ದಾಟಿದ ಮೇಲೆ ಮದರ್‌ಬೋರ್ಡೇ ಹೋದರೆ ನಾನೂ ಕೈ ಬಿಡುತ್ತೇನೆ.

ಇಷ್ಟು ಹಟ ಯಾಕೆ ಅಂದರೆ, ಫ್ರಿಜ್‌ನ ಹಾಗಲ್ಲ ಇದು. ಕಂಪ್ಯೂಟರಿಗಾಗಿ ಸುಡುವ ಇಂಧನದ ಖರ್ಚು ಹೆಚ್ಚಾಗಿ ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. 2004ರಲ್ಲಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದ್ದರು. ಒಂದು ಡೆಸ್ಕ್‌ಟಾಪ್ ಮತ್ತು ಆ ಕಾಲದ 17 ಇಂಚಿನ ಮಾನಿಟರ್ ತಯಾರಿಸಲು ಕನಿಷ್ಠ 240 ಕಿಲೋ ಇಂಧನ, 22 ಕಿಲೋ ರಾಸಾಯನಿಕ, 1500 ಕಿಲೋ ನೀರು. ಇದನ್ನೆಲ್ಲ ಮಣ್ಣುಪಾಲು ಮಾಡಲು ನನಗೆ ಮನಸ್ಸು ಬರುವುದಿಲ್ಲ.

ನಿಜವಾಗಿಯೂ ಮುಗಿಯಿತು ಅಂತಾದಾಗ ಡಿಸ್ಕ್ ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮಿಕ್ಕಿದ್ದನ್ನು ಗಾಡಿ ಗುಜರಿಗೆ ಹಾಕಬೇಡಿ. ತಾಮ್ರಕ್ಕಾಗಿ ವೈರ್ ಸುಡುವ ಹೊಗೆಯನ್ನು ಉಸಿರಾಡುವವರಲ್ಲಿ ಮಕ್ಕಳೂ ಇರುತ್ತಾರೆ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮದ ಪ್ರಕಾರ ಹಳೆಯದರ ಹೊಣೆ ತಯಾರಕರ ಮೇಲೂ ಇದೆ. ಅಧಿಕೃತ ಘಟಕಕ್ಕೆ ಹೋಗುವ ದಾರಿ ಹುಡುಕಿ ಕೊಡಿ.

ಈಗ ಮೇಷ್ಟ್ರ ಡಬ್ಬ. 4 ಜಿಬಿ ರ‍್ಯಾಮ್ ಇದೆ, ಪಕ್ಕದ ಸ್ಲಾಟ್ ಖಾಲಿ. 500 ಜಿಬಿಯ ಹಳೇ ಡಿಸ್ಕ್ ಇದೆ, ಇನ್ನೂ ಸದ್ದು ಮಾಡುತ್ತಿಲ್ಲ. ಅವರಿಗೆ ಟ್ಯಾಲಿ ಬೇಕಿಲ್ಲ. 240 ಜಿಬಿಯ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್, ಒಂದು ಹೊಸ ಸೆಲ್ ತಂದಿದ್ದೇನೆ. ಮಿಂಟ್ ಈ ಪೆನ್‌ಡ್ರೈವಿನಲ್ಲಿದೆ. ವೈರ್ ತೆಗೆದಾಗಿದೆ, ಸ್ಕ್ರೂ ಎರಡೇ ಇವೆ. ಫ್ಯಾನಿನ ಮೇಲೆ ಧೂಳು ಕಂಬಳಿಯ ಹಾಗೆ ಕೂತಿದೆ, ಆಸ್ತಮಾ ಇರುವವರು ಸ್ವಲ್ಪ ಹಿಂದೆ ನಿಲ್ಲಿ. ಮಿಕ್ಕವರು ಮುಂದೆ ಬನ್ನಿ. ಮೇಷ್ಟ್ರೇ, ಸ್ಕ್ರೂಡ್ರೈವರ್ ನೀವೇ ಹಿಡಿಯಿರಿ.