ಕೆಂಪು ರಕ್ತಕಣಕ್ಕೆ ನಡುವೆ ಗುಳಿ ಯಾಕೆ?

(ಸ್ಕ್ರೀನ್ ಮೇಲೆ: ನಿಧಾನಕ್ಕೆ ತಿರುಗ್ತಿರೋ ಕೆಂಪು ರಕ್ತಕಣ)

ಎಲ್ರಿಗೂ ನಮಸ್ಕಾರ. ಈ ಕಣ ನೋಡಿ, ಎರಡೂ ಕಡೆ ನಡುವೆ ಗುಳಿ ಬಿದ್ದಿದೆ. ಸೋಪಿನ ಗುಳ್ಳೆ ದುಂಡಗಿರುತ್ತೆ, ಇದು ಯಾಕೆ ಹೀಗೆ? ಪೊರೆಗೆ ಒಳಗಿಂದ ಅಂಟ್ಕೊಂಡಿರೋ ಪ್ರೋಟೀನ್ ಬಲೆ ಹಿಂಗೆ ಎಳೆದಿಡುತ್ತೆ ಅನ್ನಿಸಬಹುದು, ಆದ್ರೆ ಲ್ಯಾಬಲ್ಲಿ ಬರೀ ಲಿಪಿಡ್ (ಕೊಬ್ಬಿನಂಥ ಅಣುಗಳು) ಮತ್ತು ನೀರಿಂದ ಮಾಡಿದ ಪುಟ್ಟ ಚೀಲ, ಅಂದ್ರೆ ವೆಸಿಕಲ್, ಅದರಲ್ಲೂ ಇದೇ ಆಕಾರ ಸಿಗುತ್ತೆ!

ಪೊರೆ ಅಂದ್ರೆ ಲಿಪಿಡ್‌ನ ಎರಡು ಪದರ, ದಪ್ಪ 4-5 ನ್ಯಾನೋಮೀಟರ್ ಅಷ್ಟೇ. ಅಣುಗಳು ಪದರದೊಳಗೆ ಅಕ್ಕಪಕ್ಕ ಜಾರ್ತಾನೇ ಇರ್ತವೆ, ದ್ರವದ ತರ. ಆದ್ರೆ ಎಳೆದ್ರೆ ಬಲೂನಿನ ಹಾಗೆ ಹಿಗ್ಗಲ್ಲ, ವಿಸ್ತೀರ್ಣ ಶೇಕಡಾ ಕೆಲವಷ್ಟು ಹೆಚ್ಚಾದ್ರೆ ಸಾಕು ಹರಿದೇ ಹೋಗುತ್ತೆ. ಹಾಗಾಗಿ ವಿಸ್ತೀರ್ಣ ಫಿಕ್ಸ್. ಒಳಗಿನ ನೀರು ಎಷ್ಟಿರಬೇಕು ಅನ್ನೋದನ್ನ ಆಸ್ಮೋಸಿಸ್, ಅಂದ್ರೆ ಉಪ್ಪಿನಂಥ ಕರಗಿದ ವಸ್ತು ಹೆಚ್ಚಿರೋ ಕಡೆಗೆ ನೀರು ಪೊರೆ ದಾಟಿ ಹೋಗೋದು, ತೀರ್ಮಾನ ಮಾಡುತ್ತೆ, ಅದೂ ಫಿಕ್ಸ್. ಇನ್ನು ಪೊರೆಗೆ ಉಳಿದಿರೋ ದಾರಿ ಒಂದೇ, ಬಾಗೋದು. 1970ರಲ್ಲಿ ಕ್ಯಾನ್‌ಹ್ಯಾಮ್, 1973ರಲ್ಲಿ ಹೆಲ್ಫ್ರಿಷ್ ಈ ಬಾಗೋ ಶಕ್ತಿಗೆ ಲೆಕ್ಕ ಬರೆದ್ರು.

(ಸ್ಕ್ರೀನ್ ಮೇಲೆ: ಚೀಲದಿಂದ ಮೆಲ್ಲಗೆ ನೀರು ಹೊರಗೆ ಹೋಗ್ತಾ ಆಕಾರ ಬದಲಾಗೋದು)

ಈಗ ನೋಡಿ. ದುಂಡಗಿನ ಚೀಲದಿಂದ ಸ್ವಲ್ಪ ನೀರು ತೆಗೀರಿ, ಪೊರೆ ಅಷ್ಟೇ ಇದೆ, ಒಳಗಿನ ಸರಕು ಕಮ್ಮಿ ಆಯ್ತು, ಹೆಚ್ಚಾದ ಪೊರೆ ಎಲ್ಲಿಗೆ ಹೋಗ್ಬೇಕು? ಅತಿ ಕಮ್ಮಿ ಬಾಗಿ ಹೇಗೆ ಮಡಚ್ಕೊಳ್ಳೋದು ಅಂತ ಹುಡುಕುತ್ತೆ. ಅಷ್ಟೇ ಪೊರೆ ಪೂರ್ತಿ ಗೋಲ ಆಗಿದ್ರೆ ಹಿಡೀತಿದ್ದ ನೀರನ್ನ 1 ಅಂತ ಇಟ್ಕೊಳ್ಳಿ. ಸರಳ ಮಾಡೆಲ್‌ನಲ್ಲಿ ನೀರು 1ರಿಂದ ಇಳೀತಾ ಸುಮಾರು 0.65ರವರೆಗೆ ಕ್ಯಾಪ್ಸೂಲ್ ತರ ಉದ್ದ ಆಗುತ್ತೆ, ಅಲ್ಲಿಂದ 0.59ರವರೆಗೆ ಗುಳಿ ಬಿದ್ದ ಬಿಲ್ಲೆ, ಅದಕ್ಕೂ ಕೆಳಗೆ ಒಳಕ್ಕೆ ಕುಸಿದು ಬಟ್ಟಲು. ನಮ್ಮ ರಕ್ತಕಣ ಎಲ್ಲಿದೆ ಗೊತ್ತಾ? ಸುಮಾರು 0.6!

ನನಗೆ ಇವತ್ತಿಗೂ ಮೈ ಜುಮ್ ಅನ್ನಿಸೋ ವಿಷಯ ಇನ್ನೊಂದಿದೆ. ಗೋಲದ ಗಾತ್ರ ದುಪ್ಪಟ್ಟು ಮಾಡಿದ್ರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತೆ, ಆದ್ರೆ ಪ್ರತಿ ತುಣುಕೂ ಕಮ್ಮಿ ಬಾಗಿರೋದ್ರಿಂದ ಅಷ್ಟೇ ವಿಸ್ತೀರ್ಣಕ್ಕೆ ಬೇಕಾದ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಎರಡೂ ಸರಿಹೋಯ್ತು! 1 ಮೈಕ್ರೋಮೀಟರ್ ಚೀಲಕ್ಕೂ 10 ಮೈಕ್ರೋಮೀಟರ್ ಚೀಲಕ್ಕೂ ಬಾಗೋ ಖರ್ಚು ಒಂದೇ. ಅದಕ್ಕೇ ಇಲ್ಲಿ ಗಾತ್ರ ಲೆಕ್ಕಕ್ಕೇ ಬರಲ್ಲ, ಪೊರೆಗೂ ನೀರಿಗೂ ಇರೋ ಅನುಪಾತನೇ ಮುಖ್ಯ.

ಹಾಂ, ಎರಡು ಪದರ ಅಂದ್ನಲ್ಲ, ಅದೂ ಆಟ ಆಡುತ್ತೆ. ಹೊರ ಪದರಕ್ಕೆ ಹೋಗಿ ಸೇರೋ ಔಷಧಿ ಹಾಕಿದ್ರೆ ಆ ಕಡೆ ಜಾಗ ಸಾಲದೆ ರಕ್ತಕಣದ ಮೈತುಂಬ ಮುಳ್ಳು ಏಳುತ್ತೆ, ಒಳ ಪದರಕ್ಕೆ ಸೇರೋದು ಹಾಕಿದ್ರೆ ಅದೇ ಕಣ ಬಟ್ಟಲಾಗುತ್ತೆ. ಶೀಟ್ಜ್ ಮತ್ತು ಸಿಂಗರ್ 1974ರಲ್ಲಿ ಇದನ್ನ ವಿವರಿಸಿದ್ರು.